ಮೈಕಿನಲ್ಲಿ ಇನ್ನೊಬ್ಬರು

"ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ," ಎಂದು ಪೀಠೋಪಕರಣ ಕಾರ್ಖಾನೆಯ ಮಾಲೀಕರು ರೇಡಿಯೋ ಸಂದರ್ಶನಕ್ಕಾಗಿ ಹೇಳುತ್ತಿದ್ದಂತೆಯೇ, ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್ ಹುಡುಗಿ ಕೈಯೆತ್ತಿ ತಡೆದಳು. "ಸರ್, ನಿಮ್ಮ ಜೊತೆ ಇನ್ಯಾರೋ ಮಾತಾಡ್ತಿದ್ದಾರೆ."

"ಇಲ್ಲಿ ಒಂದು ನರಪಿಳ್ಳೆನೂ ಇಲ್ಲಮ್ಮ," ಎಂದು ಅವರು ನಕ್ಕರು. ಅವಳು ತನ್ನ ಕಡೆಗೆ ಕರೆದು, ಅಲ್ಲಿಯವರೆಗಿನ ರೆಕಾರ್ಡಿಂಗ್ ಹಾಕಿ ಅವರಿಗೂ ಹೆಡ್‌ಫೋನ್ ಕೊಟ್ಟಳು. ಗಿರಾಕಿಗಳನ್ನು ಒಬ್ಬನೇ ಹುಡುಕಿದೆ, ಬ್ಯಾಂಕಿನವರನ್ನು ಒಬ್ಬನೇ ಒಪ್ಪಿಸಿದೆ ಎಂಬ ಅವರ ಒಂದೊಂದು ಮಾತಿಗೂ ಮೊದಲು ಒಂದು ಕೆಮ್ಮು, ಆಮೇಲೆ ಮೆಲುದನಿ: "ಇವನು ನನ್ನ ಮಗ. ಸ್ವಲ್ಪ ನೋಡ್ಕೊಳ್ಳಿ." ಮಾಲೀಕರು ಆ ದನಿಯನ್ನು ಗುರುತಿಸಿದರು. ಅಂಗಡಿ ಅಂಗಡಿಗೂ, ಬ್ಯಾಂಕಿಗೂ ಅವರನ್ನು ಕರೆದೊಯ್ದು ಅಪ್ಪ ಆಡುತ್ತಿದ್ದ ಮಾತು ಅದು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

"ಯಾರು ಸರ್ ಅದು?"

"ಯಾರೋ ಏನೋ. ಅಳಿಸಿಬಿಡಮ್ಮ, ಸಂಜೆಗೆ ಪ್ರಸಾರ ಆಗ್ಬೇಕಲ್ಲ."

ಅವಳು ಆ ಮೆಲುದನಿಯನ್ನು ಎಲ್ಲ ಕಡೆಯಿಂದಲೂ ತೆಗೆದು, ಮತ್ತೆ ಹಾಕಿದಳು. ಹೆಡ್‌ಫೋನಿನಲ್ಲಿ ಬರೀ ಮೌನವಿತ್ತು. ಅವಳು ಗಾಬರಿಯಿಂದ ತಿರುಗಿದಳು. "ಸರ್, ಆ ಹಿರಿಯರದ್ದು ಮಾತ್ರ ತೆಗೆದಿದ್ದು ನಾನು. ನಿಮ್ಮದೂ ಹೋಯ್ತು."

"ಅಪ್ಪಾ" ಎಂದು ಕೂಗಲು ಮಾಲೀಕರು ಬಾಯಿ ತೆರೆದರು. ದನಿ ಹೊರಡಲಿಲ್ಲ.