ಚೌಕಟ್ಟಿನಲ್ಲಿದ್ದ ನಕ್ಷೆ

ದೊಡ್ಡವರ ಸಂಗತಿ, ಹೇಳುವ ಯೋಗ್ಯತೆ ನನಗಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

ಸೇನೆ ಗೆದ್ದ ನಗರ ಮೂರೇ ದಿನದಲ್ಲಿ ಲೂಟಿಯಾಗಿ, ಆಸ್ಪತ್ರೆಗಳೂ ಸುಟ್ಟುಹೋಗಿದ್ದವು. ಅದರ ವಿಚಾರಣೆಯಲ್ಲಿ ಸೇನಾಧಿಕಾರಿಗಳು ಒಬ್ಬರಾದ ಮೇಲೊಬ್ಬರು ಎದ್ದು, ಗೆದ್ದ ಮೇಲಿನ ಯೋಜನೆಯೇ ಇರಲಿಲ್ಲವೆಂದು ದೂರಿದರು. ಕೊನೆಗೆ ಜನರಲ್ ಎದ್ದರು.

"ಗೆದ್ದ ಮೇಲೆ ಏನು ಮಾಡಬೇಕು ಅಂತ ಒಂದು ಹಾಳೆಯನ್ನೂ ಯಾರೂ ನನಗೆ ಕೊಡಲಿಲ್ಲ."

ಆ ಯೋಜನೆಯನ್ನು ಬರೆಯಬೇಕಿದ್ದ ಮೇಜರ್ ಕಟಕಟೆಯಲ್ಲಿದ್ದ. ತಪ್ಪು ಅವನದೆಂದಾದರೆ ಸೆರೆಮನೆ. ಅವನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

"ಕೊಟ್ಟಿದ್ದೆ ಸರ್, ನಲವತ್ತು ಹಾಳೆ. ದಾಳಿಯ ಹಿಂದಿನ ದಿನ, ನಿಮ್ಮ ಡೇರೆಗೇ ಬಂದು."

"ಸುಳ್ಳಿಗೂ ಒಂದು ಮಿತಿ ಬೇಕಪ್ಪಾ! ಅವತ್ತು ನನ್ನ ಮೇಜಿನ ಮೇಲಿದ್ದದ್ದು ಇದೊಂದೇ." ಜನರಲ್ ತಾವು ಕೈಯಾರೆ ಬರೆದ ದಾಳಿಯ ನಕ್ಷೆಯನ್ನು ಎತ್ತಿ ತೋರಿಸಿದರು. ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರು.

"ಅವತ್ತು ಕಾಗದ ಮುಗಿದಿತ್ತು ಸರ್. ಹಾಳೆಯ ಖಾಲಿ ಮಗ್ಗುಲನ್ನೂ ಬಳಸಿ ಅಂತ ನೀವೇ ಆದೇಶ ಹೊರಡಿಸಿದ್ರಿ. ನೀವು ನಕ್ಷೆ ಬರೆದದ್ದು ಯಾವ ಹಾಳೆಯ ಹಿಂದೆ ಅಂತ ದಯವಿಟ್ಟು ತಿರುಗಿಸಿ ನೋಡಿ."

ನ್ಯಾಯಾಧೀಶರು ಚೌಕಟ್ಟು ಬಿಚ್ಚಿಸಿದರು. ನಕ್ಷೆಯ ಬೆನ್ನಿಗೆ ಮೇಜರನ ಅಕ್ಷರವಿತ್ತು: "ಗೆದ್ದ ಮೇಲೆ. ಪುಟ ಒಂದು. ಮೊದಲು ಆಸ್ಪತ್ರೆಗಳಿಗೆ ಕಾವಲು ಹಾಕುವುದು."

ಉಳಿದ ಮೂವತ್ತೊಂಬತ್ತು ಹಾಳೆಗಳು ಏನಾದವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.