ಮಹಾರಾಜನ ಬಾಲ

"ಯಾರು ಕತ್ತರಿಸಿದ್ದು ಇದನ್ನ?"

ಹಲ್ಲಿನ ಡಾಕ್ಟರು ಹಜಾರದಿಂದ ಕೂಗಿದ ರಭಸಕ್ಕೆ ಅಡುಗೆಮನೆಯಲ್ಲಿದ್ದ ಹೆಂಡತಿಯ ಕೈಯಿಂದ ಚಮಚ ಜಾರಿತು. ಗುಂಡಿ ಹೊಲಿಯುತ್ತಿದ್ದ ಡಾಕ್ಟರ ಅತ್ತೆ ಮಾತ್ರ ಸೂಜಿಯಿಂದ ಕಣ್ಣೆತ್ತಲಿಲ್ಲ.

ಗಾಜಿನ ತೊಟ್ಟಿಯಲ್ಲಿ ಮಹಾರಾಜ ಇದ್ದ. ಅವನ ಬಾಲ ಇರಲಿಲ್ಲ. ಅಂದರೆ, ಅರ್ಧ ಇರಲಿಲ್ಲ. ಹಿಂದಿನ ಸಂಜೆ ನೀಲಿ ರೇಷ್ಮೆಯ ಬೀಸಣಿಗೆಯಂತೆ ಹರಡಿದ್ದದ್ದು ಈಗ ಹರಕು ಪರದೆಯಾಗಿತ್ತು. ಬರುವ ಭಾನುವಾರವೇ ಸಾಕುಮೀನುಗಳ ಪ್ರದರ್ಶನ.

ಮಹಾರಾಜ ಫೈಟರ್ ಮೀನು. ಅವನ ಜಾತಿಯ ಗಂಡುಗಳು ಒಂದನ್ನೊಂದು ಕಂಡರೆ ಕಾದಾಡುತ್ತವೆ. ಹಾಗಾಗಿ ತೊಟ್ಟಿಯಲ್ಲಿ ಅವನು ಒಬ್ಬನೇ. ಮುಚ್ಚಳ ಭದ್ರವಾಗಿತ್ತು. ಮನೆಯಲ್ಲಿ ಬೆಕ್ಕಿಲ್ಲ. ಉಳಿದವರು ಇಬ್ಬರು ಹೆಂಗಸರು.

ಡಾಕ್ಟರು ಹಲ್ಲು ಕೀಳುತ್ತಿದ್ದದ್ದು ಹೊಟ್ಟೆಪಾಡಿಗೆ, ಮೀನು ಸಾಕುತ್ತಿದ್ದದ್ದು ಹೆಸರಿಗೆ. ಪ್ರತಿ ಪೀಳಿಗೆಯಲ್ಲೂ ಎಲ್ಲರಿಗಿಂತ ಉದ್ದ ಬಾಲದ ಗಂಡನ್ನು ಆರಿಸಿ, ಅದೇ ಬಳಗದ ಹೆಣ್ಣಿನೊಂದಿಗೆ ಕೂಡಿಸುತ್ತಿದ್ದರು. ಮಹಾರಾಜನ ತಾತನ ಬಾಲ ಮಾಮೂಲಿ. ತಂದೆಯದು ಅದರ ಎರಡರಷ್ಟು. ಮಹಾರಾಜನದಂತೂ ಮೈಗಿಂತ ದೊಡ್ಡದು. ನಾಲ್ಕು ಗೇಣು ಈಜಿದರೆ ಸಾಕು, ಎಲೆಯ ಮೇಲೆ ಒರಗಿ ಸುಧಾರಿಸಿಕೊಳ್ಳುತ್ತಿದ್ದ. ಅದಕ್ಕೆ ಡಾಕ್ಟರು ಇಟ್ಟ ಹೆಸರು ರಾಜಗಾಂಭೀರ್ಯ.

"ಇವನಪ್ಪ ವರ್ಷ ತುಂಬೋದ್ರೊಳಗೆ ಹೋದ," ಎಂದರು ಅತ್ತೆ, ದಾರ ಹರಿಯುತ್ತ. "ತಾತ ನೋಡಿ, ಅಡುಗೆಮನೆ ಜಾಡೀಲಿ ಇನ್ನೂ ಗುಂಡುಕಲ್ಲಿನ ಹಾಗಿದಾನೆ. ಅಷ್ಟುದ್ದದ ಲಂಗ ಉಟ್ಕೊಂಡು ಯಾರು ಈಜ್ತಾರೆ ಅಳಿಯಂದಿರೇ? ನಾನಾಗಿದ್ರೆ ಮೊದಲು ಅದನ್ನ ಮೋಟು ಮಾಡ್ತಿದ್ದೆ."

ಡಾಕ್ಟರ ಕಿವಿ ನೆಟ್ಟಗಾಯಿತು. ಅತ್ತೆ ಬದುಕಿಡೀ ಹೊಲಿಗೆ ಅಂಗಡಿ ನಡೆಸಿದವರು. ನೆಲ ಗುಡಿಸುವ ಅಂಚು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಆದರೆ ಹೆಂಡತಿಯನ್ನೂ ಬಿಡುವಂತಿರಲಿಲ್ಲ. "ನೀವು ಆ ಮೀನನ್ನೇ ಕಟ್ಕೋಬೇಕಿತ್ತು," ಎಂದು ಮೊನ್ನೆಯಷ್ಟೇ ಸಿಡುಕಿದ್ದಳು.

ರೋಗಿಗಳ ಬಾಯಿ ನೋಡುವ ಭೂತಗನ್ನಡಿಯನ್ನು ತಂದು ಅವರು ಗಾಜಿಗೆ ಮುಖ ಒತ್ತಿ ನಿಂತರು.

"ದರ್ಜಿ ಕತ್ತರಿ ಅಲ್ಲ. ಅಂಚು ಕಮಾನಿನ ಹಾಗೆ ಬಂದಿದೆ. ಉಗುರು ಕತ್ತರಿಸೋ ಪುಟ್ಟ ಕತ್ತರಿ ಯಾರ ಹತ್ರ ಇದೆ?"

"ನನ್ನ ಹತ್ರ," ಎಂದಳು ಹೆಂಡತಿ. "ಅಂದ್ರೆ ನಾನೇ ಅಂತೀರಾ?"

"ನಾನೇನೂ ಅನ್ನಲಿಲ್ಲ. ಕತ್ತರಿ ಅಂತಿದೆ."

ಅವಳು ಒಳಗೆ ಹೋಗಿ ಸೂಟ್‌ಕೇಸ್ ಇಳಿಸಿದಳು. ಸೀರೆಗಳು ಅದರೊಳಗೆ ಬೀಳತೊಡಗಿದವು. ಡಾಕ್ಟರು ಭೂತಗನ್ನಡಿ ಹಿಡಿದೇ ಬಾಗಿಲಲ್ಲಿ ನಿಂತರು. ತಡೆಯಲು ಅಭಿಮಾನ ಬಿಡಲಿಲ್ಲ.

ಅತ್ತೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಎದ್ದರು.

"ಅವಳನ್ನ ಬಿಡಿ. ನಾನೇ ಕತ್ತರಿಸಿದ್ದು."

ಡಾಕ್ಟರು ಭೂತಗನ್ನಡಿ ಕೆಳಗಿಳಿಸಿದರು.

"ಹೇಗೆ ಹಿಡಿದ್ರಿ ಅದನ್ನ?"

"ಹೇಗೆ ಅಂದ್ರೆ... ಹಿಡಿದೆ, ಕತ್ತರಿಸಿದೆ. ಯಾರಾದ್ರೂ ಒಬ್ಬರು ಒಪ್ಕೊಂಡ್ರೆ ಸಾಕಲ್ವಾ ನಿಮಗೆ?"

ಸಾಕಾಗಿತ್ತು. ಸೀರೆಗಳು ಕಪಾಟಿಗೆ ಮರಳಿದವು. ಅದೇ ಸೂಟ್‌ಕೇಸಿನಲ್ಲಿ ಅತ್ತೆಯ ಬಟ್ಟೆಗಳು ಸೇರಿದವು. ಹಿರಿಮಗಳ ಮನೆಗೆ ಹೊರಟ ಅವರ ಮುಖದಲ್ಲಿ ಪಶ್ಚಾತ್ತಾಪದ ಗೆರೆಯೂ ಇರಲಿಲ್ಲ. ಡಾಕ್ಟರು ದೊಡ್ಡ ಮನಸ್ಸು ಮಾಡಿ ಬಸ್ ನಿಲ್ದಾಣದವರೆಗೆ ಕಾರಿನಲ್ಲಿ ಬಿಟ್ಟರು. ದಾರಿಯುದ್ದಕ್ಕೂ ಕ್ಷಮಾಗುಣದ ಬಗ್ಗೆ ಹೇಳಿದರು. ಅತ್ತೆ ಕಿಟಕಿಯತ್ತ ತಿರುಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಅಳುತ್ತಿದ್ದಾರೆಂದು ಡಾಕ್ಟರಿಗೆ ಅಯ್ಯೋ ಎನಿಸಿತು.

ಆದರೂ ಯಾಕೆ ಬೇಕು ಅಪಾಯ ಎಂದು ತೊಟ್ಟಿಯನ್ನು ಕ್ಲಿನಿಕ್ಕಿಗೆ ಸಾಗಿಸಿ, ತಮ್ಮ ಕಣ್ಣಳತೆಯಲ್ಲೇ ಇರಿಸಿಕೊಂಡರು.

ಮರುದಿನ ಕುರ್ಚಿಯಲ್ಲಿ ಒರಗಿದ್ದವರು ವಕೀಲರು. ಬಾಯಿ ತುಂಬ ಹತ್ತಿ. ಡಾಕ್ಟರು ಬೆನ್ನಿನ ಹಿಂದಿದ್ದ ತೊಟ್ಟಿಯತ್ತ ಹೆಬ್ಬೆರಳು ತೋರಿಸಿ, ಇಡೀ ಮೊಕದ್ದಮೆಯನ್ನು ಬಣ್ಣಿಸಿದರು.

"ಸಾಕ್ಷಿ ಗೀಕ್ಷಿ ಏನೂ ಬೇಕಾಗ್ಲಿಲ್ಲ ವಕೀಲರೇ. ಕೊನೆಗೆ ತಾವೇ ಬಾಯಿಬಿಟ್ರು. ಬಾಯಿ ಬಿಡಿಸೋದೇ ನನ್ನ ಕಸುಬು ನೋಡಿ!"

ವಕೀಲರ ಕಣ್ಣು ಅಗಲವಾಯಿತು. ಡಾಕ್ಟರ ಹೆಗಲಾಚೆಗೆ ಬೆರಳು ತೋರಿಸಿ "ಆಂ... ಆಂ..." ಎಂದರು.

"ನೋವಾ? ಆಯ್ತು, ಮುಗೀತು."

ವಕೀಲರು ತಲೆ ಅಲ್ಲಾಡಿಸಿದರು. ಡಾಕ್ಟರ ತೋಳು ಹಿಡಿದು, ಅವರನ್ನು ತೊಟ್ಟಿಯತ್ತ ತಿರುಗಿಸಿಯೇ ಬಿಟ್ಟರು.

ಮಹಾರಾಜ ಬಿಲ್ಲಿನಂತೆ ಹಿಂದಕ್ಕೆ ಬಾಗಿ, ತನ್ನ ಬಾಲದ ಉಳಿದರ್ಧವನ್ನು ತಾನೇ ಕಚ್ಚಿ ಹರಿದು, ಥೂ ಎಂದು ಉಗುಳಿ, ಹುಟ್ಟಿದ ಮೇಲೆ ಮೊದಲ ಸಲ ಜುಮ್ಮೆಂದು ತೊಟ್ಟಿಯ ಉದ್ದಕ್ಕೂ ಈಜಿದ.