ಎರಡು ದಂಡೆಯ ದೀಪಗಳು

ಹೊಳೆಯ ಎಡದಂಡೆ ಒಂದು ದೇಶ, ಬಲದಂಡೆ ಇನ್ನೊಂದು. ಪಕ್ಷಪಾತದ ಸುದ್ದಿ ಕೇಳಿದೊಡನೆ ಕೆಂಪಾಗುವ ದೀಪವನ್ನು ಎರಡೂ ಸರ್ಕಾರಗಳು ತಮ್ಮ ತಮ್ಮ ಜನರ ಕೊರಳಿಗೆ ಕಟ್ಟಿದ್ದವು.

ನಡುಗಡ್ಡೆಯ ಸಂತೆ ಮುಗಿದಿತ್ತು. ದೋಣಿ ಹತ್ತಬಹುದೋ ಇಲ್ಲವೋ ಎಂದು ರೇಡಿಯೋಗೆ ಕಿವಿಗೊಟ್ಟಿದ್ದ ಎಡದಂಡೆಯ ಹೊನ್ನವ್ವ, ಬಲದಂಡೆಯ ಸಿದ್ಲಿಂಗವ್ವನಿಗೆ ಎಲೆಅಡಿಕೆ ಮಡಿಸಿಕೊಟ್ಟಳು.

“ನಿನ್ನೆ ಗುಂಡು ಹಾರಿಸಿದ್ದು ಬಲದಂಡೆಯವರು,” ಎಂದಿತು ರೇಡಿಯೋ. ಸಿದ್ಲಿಂಗವ್ವನ ದೀಪ ಕೆಂಪಾಯಿತು; ಹೊನ್ನವ್ವನದು ಆಗಲಿಲ್ಲ.

“ನಿನ್ನ ದೀಪಕ್ಕ ಕಣ್ಣುಬ್ಯಾನಿ ಬಂದೈತೇನಕ್ಕಾ?” ಹೊನ್ನವ್ವ ನಕ್ಕಳು.

“ನಿಂದು ಹುಟ್ಟುಗುರುಡು, ಸುಮ್ನಿರವ್ವಾ!”

“ಈಗ ಎರಡೂ ಸರ್ಕಾರಗಳು ಹೊಳೆಯಲ್ಲಿ ಬಾಂಬು ಹುದುಗಿಸಿವೆ. ಯಾರೂ ದೋಣಿ ಹತ್ತಬೇಡಿ,” ಎಂದಿತು ರೇಡಿಯೋ.

ಎರಡೂ ದೀಪಗಳು ಒಟ್ಟಿಗೇ ಕೆಂಪಾದವು.

“ಸುಳ್ಳು ಬೊಗಳ್ತಾನ!” ಇಬ್ಬರೂ ಆ ದಿನ ಮೊದಲ ಬಾರಿಗೆ ಒಪ್ಪಿದರು. ಹೊನ್ನವ್ವ ಸಿದ್ಲಿಂಗವ್ವನ ಬುಟ್ಟಿಯನ್ನು ತಾನೇ ಹೊತ್ತು, ಜಾರದಂತೆ ಕೈಹಿಡಿದು, ಅವಳನ್ನು ಎರಡೂ ದಂಡೆ ಮುಟ್ಟುವ ದೋಣಿಗೆ ಹತ್ತಿಸಿದಳು. ಆಮೇಲೆ ತಾನೂ ಹತ್ತಿದಳು.